ಶ್ರೀಯ ಕೆಳಗಿನ ಸಾಲು

ನಮ್ಮತ್ತೆ ಕಂಪೈಲರ್ ಬರೆಯತೊಡಗಿದ್ದು ನಿವೃತ್ತಿಗೆ ಮೊದಲೋ ಆಮೇಲೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ಮೊದಲೇ ಎನ್ನುವುದು ನನ್ನ ಗಂಡನ ವಾದ. ಕಂಪ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಾಗಲೇ ಅಮ್ಮ ಊಟದ ತಟ್ಟೆಯ ಪಕ್ಕ ಕಾಗದ ಇಟ್ಟುಕೊಂಡು ಚೌಕ, ಬಾಣ ಎಳೆಯುತ್ತಿದ್ದಳು ಎಂದು ಅವರು ಹೇಳುತ್ತಾರೆ. ನನ್ನ ನೆನಪು ಬೇರೆ. ನಾನು ಮದುವೆಯಾಗಿ ಟಿ.ಬಿ. ಡ್ಯಾಂನ ಈ ಕ್ವಾರ್ಟರ್ಸಿಗೆ ಬಂದಾಗ ಅತ್ತೆ ನಿವೃತ್ತರಾಗಿದ್ದರು. ನನ್ನ ಎಂ.ಸಿ.ಎ. ಪುಸ್ತಕಗಳ ಪೆಟ್ಟಿಗೆಯನ್ನು ಮೊದಲು ಬಿಚ್ಚಿದವರು ನಾನಲ್ಲ, ಅವರು. ಅದರೊಳಗೆ ಕಂಪೈಲರ್ ಬಗ್ಗೆ ಒಂದು ದಪ್ಪ ಪುಸ್ತಕವಿತ್ತು. ಪರೀಕ್ಷೆಗೆ ಅದನ್ನು ಚಿತ್ರಗಳ ಸಮೇತ ಬಾಯಿಪಾಠ ಮಾಡಿ ಪಾಸಾದವಳು ನಾನು. ಅತ್ತೆ ಅದನ್ನು ದಿಂಬಿಗೆ ಒರಗಿಕೊಂಡು ಕಾದಂಬರಿಯ ಹಾಗೆ ಓದಿದರು. ಎಲ್ಲವೂ ನನ್ನ ಪುಸ್ತಕದಿಂದ ಶುರುವಾಯಿತು ಎಂದು ನಂಬಲು ನನಗೆ ಇಷ್ಟ. ಹಾಗಾಗಿಯೇ ನನ್ನ ನೆನಪು ಹೀಗೆ ಇದೆಯೋ ಏನೋ.

ಅವರು ಬರೆದದ್ದು ಒಂದು ಪುಟ್ಟ ಕನ್ನಡ ಭಾಷೆ ಮತ್ತು ಅದಕ್ಕೆ ಬೇಕಾದ ಕಂಪೈಲರ್. ‘ತೋರಿಸು’, ‘ಇದ್ದರೆ’, ‘ಆಗುವ ತನಕ’ ಎಂದು ಮಕ್ಕಳು ಲೆಕ್ಕದ ಹೆಜ್ಜೆಗಳನ್ನು ಕನ್ನಡದಲ್ಲೇ ಬರೆದರೆ, ಕಂಪೈಲರ್ ಅದನ್ನು ಕಂಪ್ಯೂಟರ್ ನಡೆಸಬಲ್ಲ ರೂಪಕ್ಕೆ ತಿರುಗಿಸುತ್ತಿತ್ತು. ತಪ್ಪಿದರೆ ಬೈಯುತ್ತಲೂ ಇತ್ತು. ಬೈಗುಳದ ಸಾಲುಗಳನ್ನೆಲ್ಲ ಅತ್ತೆ ತಮ್ಮ ಕ್ಲಾಸಿನ ಮಾತಿನಲ್ಲೇ ಬರೆದಿದ್ದರು. ಆವರಣ ಮುಚ್ಚುವುದನ್ನು ಮರೆತರೆ ಪರದೆಯ ಮೇಲೆ, ‘ಬಾಗಲಾ ತಗದು ಬಂದೀ, ಹಾಕೋರ್ಯಾರು?’ ಎಂದು ಬರುತ್ತಿತ್ತು. ಸೊನ್ನೆಯಿಂದ ಭಾಗಿಸಲು ಹೋದರೆ, ‘ಎಷ್ಟು ಸಲ ಹೇಳಬೇಕು ನಿನಗ?’

“ಅಮ್ಮಾ, ಕಂಪ್ಯೂಟರ್ ಹಿಂಗ ಬೈಯಬಾರದು. ಮಕ್ಕಳು ಅಂಜತಾವು,” ಅಂದರು ನನ್ನ ಗಂಡ.

“ನೀ ಅಂಜಿದ್ದೇನು? ಅಂಜಿದ್ದರ ಗಣಿತದಾಗ ಅಷ್ಟು ಕಡಿಮಿ ಮಾರ್ಕ್ಸ್ ಯಾಕ ತಗೀತಿದ್ದಿ?”

ಹಾಗೆ ಮಾರ್ಕ್ಸ್ ತೆಗೆಯುತ್ತಿದ್ದ ನನ್ನ ಗಂಡ ಈಗ ಕಾಲುವೆ ಕಚೇರಿಯಲ್ಲಿ ಸಹಾಯಕ ಎಂಜಿನಿಯರ್.

ಅತ್ತೆಗೆ ಬೇಕಾಗಿದ್ದದ್ದು ಒಂದು ಪಿರಿಯಡ್. ಅವರು ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಕ್ವಾರ್ಟರ್ಸಿನ ಹಿಂದಿನ ಶಾಲೆಯ ಗಂಟೆ ಹೊಡೆದಾಗ ಅವರು ತರಕಾರಿ ಹೆಚ್ಚುವ ಕೈ ನಿಲ್ಲಿಸಿ ಕೇಳುತ್ತಿದ್ದುದನ್ನು ನಾನು ನೋಡಿದ್ದೇನೆ. ಈಗ ಕನ್ನಡ ಕಂಪೈಲರ್ ನೆವದಲ್ಲಿ ಮತ್ತೆ ಮಕ್ಕಳ ಮುಂದೆ ನಿಲ್ಲುವ ದಾರಿಯೊಂದು ತೆರೆದಿತ್ತು. ಸಂಡೂರಿನ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಅತ್ತೆಯ ಹಳೆಯ ವಿದ್ಯಾರ್ಥಿನಿ. ವಡ್ಡು ಕಡೆಯ ರೈತರ ಮನೆಯ ಹುಡುಗಿ, ಕಂಪ್ಲಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದಿದವರು. ಅವರು ಫೋನಿನಲ್ಲಿ ಹೇಳಿದ್ದು ಇಷ್ಟು: “ಟೀಚರ್, ನಮ್ಮ ಲ್ಯಾಬಿನ ಕಂಪ್ಯೂಟರಿನ್ಯಾಗ ನಿಮ್ಮದು ನಡದ್ರ ಸಾಕ್ರಿ. ಸುತ್ತಮುತ್ತಲ ಶಾಲಿ ಮಾಸ್ತರು ಒಂದಿಷ್ಟು ಮಂದಿನ್ನ ಕರಸ್ತೀನಿ. ಅವರ ಮುಂದ ನಡದು ತೋರಿಸಿದ್ರ ವಾರಕ್ಕೊಂದು ಪಿರಿಯಡ್ ನಿಮ್ಮದು. ನಡೀಲಿಲ್ಲಂದ್ರ ನಾನೂ ಏನೂ ಮಾಡಾಕ ಬರಂಗಿಲ್ಲ ನೋಡ್ರಿ.”

ಫೋನ್ ಇಟ್ಟ ಮೇಲೆ ಅತ್ತೆ ಒಂದು ಲೋಟ ನೀರು ಕುಡಿದರು. ಆಮೇಲೆ ನನ್ನನ್ನು ಕರೆದು, “ಅವರ ಲ್ಯಾಬಿನ್ಯಾಗ ಲಿನಕ್ಸ್ ಅದ ಅಂತ. ನಂದು ವಿಂಡೋಸ್. ನಿಂದು ಮ್ಯಾಕ್. ಮೂರರಾಗೂ ನಡೀಬೇಕು, ತಿಳೀತಿಲ್ಲ?” ಅಂದರು. ಮೂರೂ ಯಾಕೆ, ಸಂಡೂರಿನದೊಂದು ಸಾಕಲ್ಲ ಎಂದೆ. ಒಂದೇ ಕಡೆ ಸರಿ ಬಂದ ಲೆಕ್ಕವನ್ನು ತಾವು ಜೀವಮಾನದಲ್ಲಿ ಒಪ್ಪಿಕೊಂಡಿಲ್ಲ, ತಾಳೆ ನೋಡದೆ ಬಿಡುವುದಿಲ್ಲ ಎಂದರು.

ಕಂಪೈಲರನ್ನು ಯಾವುದೇ ಯಂತ್ರದ ಮೇಲೆ ಕಟ್ಟಿ ನಿಲ್ಲಿಸಲು ಅತ್ತೆ ‘ಕಟ್ಟು’ ಎಂಬ ಒಂದು ಕಡತವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದರು. ಅದರ ಮೇಲೆ ಎರಡು ಸಲ ಒತ್ತಿದರೆ ಸಾಕು. ಉಳಿದ ಕೆಲಸವನ್ನೆಲ್ಲ ಅದು ತಾನೇ ಮಾಡಬೇಕು. ಅವರ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮಾಡುತ್ತಲೂ ಇತ್ತು. ನನ್ನ ಮ್ಯಾಕ್‌ಗೆ ಆ ಕಡತವನ್ನು ಇಳಿಸಿಕೊಂಡು ಒತ್ತಿದಾಗ ಬೇರೆಯೇ ಆಯಿತು. ಇದನ್ನು ಬರೆದವರ ಗುರುತು ಪತ್ತೆಯಿಲ್ಲ, ಆದ್ದರಿಂದ ತೆರೆಯುವುದಿಲ್ಲ ಎಂಬ ಅರ್ಥದ ಎಚ್ಚರಿಕೆ ಬಂತು. ಅದನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ.

“ನನ್ನ ಗುರುತಿಲ್ಲಂತೇನು ಅದಕ್ಕ?” ಅತ್ತೆ ಕನ್ನಡಕ ಸರಿಮಾಡಿಕೊಂಡರು. “ಕಂಪ್ಲಿಯಿಂದ ಹೊಸಪೇಟಿ ತನಕ ಬಸ್ಸಿನ್ಯಾಗ ಹೋದ್ರ ಮೂರು ಮಂದಿ ಎದ್ದು ಸೀಟ್ ಬಿಟ್ಟುಕೊಡತಾರ. ಇದು ಯಾರೇ ನನ್ನ ಗುರುತಿಲ್ಲ ಅನ್ನೂದು?”

“ಅತ್ತೀ, ಇದು ಹೊರಗಿನ ಊರಿಂದು. ಬಿಡ್ರಿ, ನಾ ಬ್ಯಾರೆ ದಾರೀಲೆ ಒಳಗ ಬಿಡತೀನಿ,” ಎಂದು ನಾನು ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು, ಪೈಥಾನಿನ ಹೆಸರು ಟೈಪ್ ಮಾಡಿ, ಅದರ ಮುಂದೆ ಅತ್ತೆಯ ಕಡತದ ಹೆಸರು ಹಾಕಿದೆ. ಹೀಗೆ ಪೈಥಾನನ್ನು ನೇರವಾಗಿ ಕೂಗಿ ಕೆಲಸ ಒಪ್ಪಿಸಿದರೆ ಎಚ್ಚರಿಕೆ ಗಿಚ್ಚರಿಕೆ ಇರುವುದಿಲ್ಲ. ಕಂಪೈಲರ್ ಕಟ್ಟಿಕೊಂಡು ನಿಂತಿತು. ಅತ್ತೆ ಒಂದರಿಂದ ಹತ್ತರವರೆಗಿನ ವರ್ಗಗಳನ್ನು ತೋರಿಸುವ ಪ್ರೋಗ್ರಾಂ ಬರೆದು ನಡೆಸಿದರು. ಉತ್ತರಗಳು ಸಾಲಾಗಿ ಇಳಿದವು. ಎರಡು ಕಡೆ ಸರಿಯಾಯಿತು, ಮೂರನೆಯದೂ ಆಗುತ್ತದೆ ಎಂದುಕೊಂಡೆವು.

ಆ ಹೊತ್ತಿಗೆ ಕಡತವನ್ನು ತೆರೆದು ನೋಡಿದ್ದೆನೋ ಇಲ್ಲವೋ ನನಗೆ ಖಚಿತವಿಲ್ಲ. ನೋಡಿದ್ದೆ ಎಂದೇ ನನ್ನ ಅಂದಾಜು. ಮೊದಲ ಸಾಲಿನಲ್ಲಿ, ಪೈಥಾನ್ ಲೆಕ್ಕಕ್ಕೆ ಹಿಡಿಯದ ಟಿಪ್ಪಣಿಯಾಗಿ, ‘ಶ್ರೀ’ ಎಂದು ಇದ್ದದ್ದನ್ನು ಕಂಡು ನಕ್ಕಿದ್ದೆ ಎಂದೂ ಅನಿಸುತ್ತದೆ. ನಮ್ಮ ಮನೆಯಲ್ಲಿ ಶ್ರೀ ಬರೆಯದೆ ಕಿರಾಣಿ ಚೀಟಿಯೂ ಹೊರಡುವುದಿಲ್ಲ. ಆದ್ದರಿಂದ ಕಂಡಿದ್ದರೂ ಅದು ಕಂಡಂತೆ ಅಲ್ಲ.

ಶಾಲೆಯ ಲ್ಯಾಬಿನಲ್ಲಿ ಇಂಟರ್‌ನೆಟ್ ಇರಲಿಲ್ಲ. ಅತ್ತೆಯ ಕಂಪೈಲರ್ ಕೆಲಸ ಮಾಡಲು ಅದರ ಕೆಳಗೆ ಇನ್ನೊಂದು ಕಂಪೈಲರ್, ಸಿ ಭಾಷೆಯದು, ಇರಬೇಕು. ಅದನ್ನು ಇಲ್ಲಿಂದಲೇ ಪೆನ್‌ಡ್ರೈವಿಗೆ ಇಳಿಸಿಕೊಂಡು ಹೋಗಬೇಕಿತ್ತು. ಅದೇ ವಾರ ಕ್ವಾರ್ಟರ್ಸಿನ ರಸ್ತೆ ಅಗೆಯಲು ಬಂದ ಜೆ.ಸಿ.ಬಿ. ನಮ್ಮ ಕೇಬಲ್ಲನ್ನು ತುಂಡು ಮಾಡಿತ್ತು. ಕಂಪ್ಲಿಯಲ್ಲಿ ಸಂಬಂಧಿಕರ ಮನೆಯ ಮುಂಜಿವೆ ಮುಗಿಸಿಕೊಂಡು ಕಾರಿನಲ್ಲಿ ವಾಪಸು ಬರುವಾಗ ಅತ್ತೆ, “ಹಂಪಿ ಕಡೆ ತಿರುಗಸು,” ಅಂದರು ಮಗನಿಗೆ. “ಅಲ್ಲಿ ನನ್ನ ಹುಡುಗೊಬ್ಬಂದು ಹೋಟೆಲ್ ಅದ. ಫಾರಿನ್ ಮಂದಿ ಕುಂತು ಕಂಪ್ಯೂಟರ್ ಕುಟ್ಟತಿರತಾರ. ನೆಟ್ ಇಲ್ಲದ ಹಂಗ ಕುಟ್ಟತಾರೇನು?”

ಅವರ ಹುಡುಗ ಎಂದರೆ ತಲೆ ನರೆತ, ಹೊಟ್ಟೆ ಬಂದ ಮನುಷ್ಯ. ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಅವನ ಹೋಟೆಲು. ಅತ್ತೆಯನ್ನು ಕಂಡು ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬಂದ. “ಬರ್ರಿ ಟೀಚರ್, ಬರ್ರಿ, ಕುಂದ್ರಿ! ಲೇ, ಆ ಗಾದಿ ಝಾಡಿಸಲೇ ಜಲ್ದಿ!”

ಅಲ್ಲಿ ಕುರ್ಚಿಗಳಿರಲಿಲ್ಲ. ಗಿಡ್ಡ ಮೇಜುಗಳು, ಸುತ್ತ ಬಣ್ಣದ ಗಾದಿಗಳು. ಮುಂಜಿವೆಗೆ ಉಟ್ಟ ಕಂದು ಅಂಚಿನ ರೇಷ್ಮೆ ಸೀರೆಯಲ್ಲೇ ಅತ್ತೆ ಒಂದು ಗಾದಿಯ ಮೇಲೆ ಚಕ್ಕಂಬಕ್ಕಳ ಹಾಕಿ, ಲ್ಯಾಪ್‌ಟಾಪ್ ಬಿಚ್ಚಿದರು. ಪಕ್ಕದ ಮೇಜಿನಲ್ಲಿ ಜಡೆಗಟ್ಟಿದ ಕೂದಲಿನ ವಿದೇಶಿ ಹುಡುಗನೊಬ್ಬ ತನ್ನ ಕಂಪ್ಯೂಟರಿನಲ್ಲಿ ಮುಳುಗಿದ್ದ. ಇಬ್ಬರೂ ಒಮ್ಮೆ ಪರಸ್ಪರರ ಪರದೆಯನ್ನು ಕದ್ದು ನೋಡಿದರು. ತಪ್ಪೇನಿಲ್ಲ ಎಂಬಂತೆ ಮತ್ತೆ ತಮ್ಮತಮ್ಮ ಕೆಲಸಕ್ಕೆ ತಿರುಗಿದರು.

ಡೌನ್‌ಲೋಡ್ ಸುಲಭವಾಗಿ ಮುಗಿಯಲಿಲ್ಲ. ಸಿ ಕಂಪೈಲರ್ ಇಳಿಸಿಕೊಂಡರೆ, ನಾನೊಬ್ಬನೇ ಬರುವುದಿಲ್ಲ, ನನ್ನ ಜೊತೆ ಇಂಥದ್ದೂ ಬೇಕು ಎನ್ನುವ ಟಿಪ್ಪಣಿ. ಅದನ್ನು ಇಳಿಸಿದರೆ ಅದಕ್ಕೆ ಮತ್ತೊಂದು ಬೇಕು.

“ಇದೇನವಾ ಇದು,” ಅಂದರು ಅತ್ತೆ. “ಬೀಗರನ್ನ ಊಟಕ್ಕ ಕರದ್ರ ಅವರ ಷಡ್ಡಕರನ್ನೂ ಕರೀಬೇಕು, ಅವರನ್ನ ಕರದ್ರ ಅವರ ಸೋದರತ್ತೀನ್ನೂ ಕರೀಬೇಕು. ಇದೆಲ್ಲ ಮುಗ್ಯೂದು ಯಾವಾಗ?”

“ಸೋದರತ್ತಿ ಬಂದ ಮ್ಯಾಲೆ,” ಅಂದರು ನನ್ನ ಗಂಡ, ಗಾದಿಯ ಮೇಲೆ ಮಲಗಿಕೊಂಡೇ. ಮುಂಜಿವೆ ಊಟ ಅವರನ್ನು ಕಾಲು ಚಾಚುವಂತೆ ಮಾಡಿತ್ತು.

ಹೋಟೆಲಿನ ಯಜಮಾನ ನಿಂಬೆಹಣ್ಣಿನ ಚಹಾ ತಂದಿಟ್ಟ. ಹೊಳೆಯ ಮೇಲಿನ ಬಿಸಿಲು ಬಂಡೆಗಳಿಂದ ಇಳಿಯುವವರೆಗೆ ನಾವು ಅಲ್ಲಿದ್ದೆವು ಎಂದು ನನ್ನ ನೆನಪು. ಇಲ್ಲ, ಒಂದು ಚಹಾ ಮುಗಿಯುವಷ್ಟರಲ್ಲಿ ಎದ್ದೆವು ಎಂದು ಗಂಡ ಹೇಳುತ್ತಾರೆ. ನಿದ್ದೆ ಹೋದವರ ಸಾಕ್ಷಿ. ಆದರೂ ಬಂಡೆಗಳ ಮೇಲಿನ ಬಿಸಿಲನ್ನು ನಾನು ಬೇರೆ ಯಾವುದೋ ಸಂಜೆಯಿಂದ ಎತ್ತಿ ತಂದು ಇಲ್ಲಿ ಇಟ್ಟಿಲ್ಲ ಎಂದು ಪ್ರಮಾಣ ಮಾಡಲಾರೆ.

ಸಂಡೂರಿಗೆ ಹೋದ ದಿನ ಗಂಡ ರಜೆ ಹಾಕಿದರು. ಘಾಟಿಯ ತಿರುವುಗಳಲ್ಲಿ ಅದಿರಿನ ಲಾರಿಗಳ ಹಿಂದೆ ನಿಧಾನಕ್ಕೆ ಹೋಗಬೇಕಾಯಿತು. ಅತ್ತೆ ದಾರಿಯುದ್ದಕ್ಕೂ ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿ ಕೈಯಲ್ಲೇ ಹಿಡಿದಿದ್ದರು. ಬ್ಯಾಗಿನಲ್ಲಿ ಹಾಕಿರಿ ಎಂದರೆ, “ಇರಲಿ,” ಎಂದಷ್ಟೇ ಅಂದರು.

ಲ್ಯಾಬಿನಲ್ಲಿ ಬೇರೆ ಶಾಲೆಗಳ ಮೇಷ್ಟರುಗಳು ಬೆಂಚುಗಳ ಮೇಲೆ ಕೂತಿದ್ದರು. ಬಾಗಿಲಲ್ಲಿ ಹುಡುಗಿಯರು ಇಣುಕುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಅತ್ತೆಯ ಕಾಲು ಮುಟ್ಟಿದರು. ಸಿ ಕಂಪೈಲರು, ಅದರ ಬೀಗರು, ಸೋದರತ್ತೆಯರು ಎಲ್ಲರೂ ಪೆನ್‌ಡ್ರೈವಿನಿಂದ ಇಳಿದು ತಮ್ಮತಮ್ಮ ಜಾಗದಲ್ಲಿ ಕೂತರು. ನಾನು ಸಹಾಯಕ್ಕೆ ಹೋದಾಗ ಅತ್ತೆ, “ನೀ ಮುಟ್ಟಬ್ಯಾಡ. ಹುಡುಗ್ರು ಹೆಂಗ ಮಾಡತಾರ ಹಂಗ ಆಗಬೇಕು,” ಎಂದು ಮುಖ್ಯೋಪಾಧ್ಯಾಯಿನಿಯ ಕೈಗೆ ಮೌಸ್ ಕೊಟ್ಟರು. ಅವರು ‘ಕಟ್ಟು’ ಕಡತವನ್ನು ನಡೆಸಲು ಅನುಮತಿಯ ಗುರುತು ಹಾಕಿ, ಎರಡು ಸಲ ಒತ್ತಿದರು.

ಪರದೆಯ ಮೇಲಿನ ಬಾಣ ಮಾಯವಾಗಿ, ಅದರ ಜಾಗದಲ್ಲಿ ಒಂದು ದೊಡ್ಡ ಕೂಡಿಸುವ ಚಿಹ್ನೆ ಬಂತು. ಎಲ್ಲರೂ ಕಾದರು. ಅದು ಹಾಗೇ ನಿಂತಿತ್ತು.

“ಟೀಚರ್, ಬಾಣ ಹೋಗಿ ಪ್ಲಸ್ ಬಂತಲ್ರಿ?” ಅಂದರು ಮುಖ್ಯೋಪಾಧ್ಯಾಯಿನಿ.

“ಗಣಿತದ ಕಂಪೈಲರ್ ಅಲ್ಲೇನ್ರಿ ಮೇಡಂ, ಮೊದಲು ಕೂಡಸೂದು ಕಲಸ್ತದ,” ಎಂದರು ಹಿಂದಿನ ಬೆಂಚಿನ ಮೇಷ್ಟರೊಬ್ಬರು. ಬೆಂಚುಗಳೆಲ್ಲ ನಕ್ಕವು.

ಮುಖ್ಯೋಪಾಧ್ಯಾಯಿನಿ ಆ ಚಿಹ್ನೆಯನ್ನು ಅಲ್ಲೇ ಒಂದು ಕಡೆ ಒತ್ತಿದರು. ಕಂಪೈಲರ್ ಕಟ್ಟಲಿಲ್ಲ. ಬದಲಿಗೆ ಫೋಲ್ಡರಿನಲ್ಲಿ ಯಾರೂ ಕೇಳದ ಹೊಸದೊಂದು ಕಡತ ಹುಟ್ಟಿತ್ತು. ಅದನ್ನು ತೆರೆದರೆ ಒಳಗೆ ಅದೇ ಪರದೆಯ ಚಿತ್ರ. ಮತ್ತೆ ಒತ್ತಿದರೆ ಮತ್ತೆ ಅದೇ. ಊಟದ ಗಂಟೆಯಾಯಿತು. ಮೇಷ್ಟರುಗಳು ಅತ್ತೆಗೆ ಕೈಮುಗಿದು, “ಇರಲಿ ಬಿಡ್ರಿ ಅಮ್ಮಾರ, ಹೊಸದು ಅಂದ ಮ್ಯಾಲೆ ಹಿಂಗೆಲ್ಲಾ ಇರೂದ,” ಎನ್ನುತ್ತ ಬುತ್ತಿ ಬಿಚ್ಚಲು ಹೊರಗೆ ನಡೆದರು. ಊಟವಾದ ಮೇಲೆ ಅವರು ತಮ್ಮ ಊರುಗಳ ಬಸ್ಸು ಹಿಡಿಯುವವರು. ಉಳಿದದ್ದು ಆ ಊಟದ ಬಿಡುವು ಮಾತ್ರ. ಅತ್ತೆ ನನ್ನ ಕಡೆ ನೋಡಿದರು. ಪಕ್ಕಕ್ಕೆ ಸರಿದು ಕುರ್ಚಿ ಬಿಟ್ಟುಕೊಟ್ಟರು.

ನಾನು ಕಡತ ತೆರೆದೆ. ಮೊದಲ ಸಾಲು ಶ್ರೀ. ಎರಡನೆಯದು, ಈ ಕಡತವನ್ನು ಪೈಥಾನಿನ ಕೈಗೆ ಕೊಡು ಎಂದು ಯಂತ್ರಕ್ಕೆ ಹೇಳುವ ಸಾಲು. ಲಿನಕ್ಸ್ ಮೊದಲ ಸಾಲನ್ನು ಮಾತ್ರ ನೋಡಿ ಕಡತ ಯಾರದೆಂದು ತೀರ್ಮಾನಿಸುತ್ತದೆ. ಅಲ್ಲಿ ಹೆಸರು ಸಿಗದಿದ್ದರೆ ಬೇರೊಬ್ಬರಿಗೆ, ಅಂದರೆ ಇನ್ನೊಂದು ಪ್ರೋಗ್ರಾಮಿಗೆ, ಒಪ್ಪಿಸಿಬಿಡುತ್ತದೆ. ಕಡತದಲ್ಲಿದ್ದ ‘ಇಂಪೋರ್ಟ್’ ಎಂಬ ಪದಕ್ಕೆ ಪೈಥಾನಿನಲ್ಲಿ ಬೇರೆ ಅರ್ಥ; ಅದೇ ಪದ ಆ ಬೇರೊಬ್ಬರಿಗೆ ‘ಪರದೆಯ ಚಿತ್ರ ತೆಗೆ’ ಎಂಬ ಆಜ್ಞೆಯಾಗಿತ್ತು. ವಿಂಡೋಸ್ ಕಡತದ ಹೆಸರಿನ ಬಾಲ ನೋಡಿಯೇ ಪೈಥಾನನ್ನು ಕರೆದಿತ್ತು. ಮ್ಯಾಕಿನಲ್ಲಿ ಪೈಥಾನನ್ನು ನಾನೇ ಕೂಗಿದ್ದೆ. ಮೊದಲ ಸಾಲು ಎರಡೂ ಕಡೆ ಬೇಕಾಗಿರಲೇ ಇಲ್ಲ.

“ಅತ್ತೀ, ಈ ಸಾಲು ಎಲ್ಲಾಕ್ಕಿಂತ ಮ್ಯಾಲೆ ಇರಬೇಕು ಅಂತ ಪುಸ್ತಕದಾಗ ಇತ್ತಲ್ರಿ?”

“ಎಲ್ಲಾಕ್ಕಿಂತ ಮ್ಯಾಲೇ ಅದ ಅಲ್ಲ?” ಅತ್ತೆ ಬಗ್ಗಿ ನೋಡಿದರು. ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಶ್ರೀಯ ಕೆಳಗಿನ ಸಾಲೇ ಅವರಿಗೆ ಮೊದಲ ಸಾಲು. ಪುಟ ಶುರುವಾಗುವುದು ಅಲ್ಲಿಂದ.

ಮುಖ್ಯೋಪಾಧ್ಯಾಯಿನಿ ಬಾಯಿಗೆ ಸೆರಗು ಅಡ್ಡ ಹಿಡಿದರು. “ಶ್ರೀ ಬರೀಲಾರದ್ದಕ್ಕ ನನ್ನ ಉತ್ತರ ಪತ್ರಿಕೆ ವಾಪಸ್ ಕಳಿಸಿದ್ರಿ ಟೀಚರ್. ನೂರಕ್ಕ ನೂರು ಬಂದಿತ್ತು ನನಗ!”

“ಬರದು ತಂದ ಮ್ಯಾಲೆ ನೂರೂ ಕೊಟ್ಟೆ ಅಲ್ಲ?”

ನಾನು ಬೇಗ ಬೇಗ ಹೇಳಿದೆ: ಶ್ರೀಯನ್ನು ಮುಟ್ಟಬೇಕಾಗಿಲ್ಲ, ಮ್ಯಾಕಿನಲ್ಲಿ ಮಾಡಿದಂತೆ ಪೈಥಾನ್ ಎಂದು ಮುಂದೆ ಟೈಪ್ ಮಾಡಿದರೆ ಇಲ್ಲೂ ನಡೆಯುತ್ತದೆ. ಅತ್ತೆ ಬಾಗಿಲಲ್ಲಿದ್ದ ಹುಡುಗಿಯರ ಕಡೆ ನೋಡಿದರು.

“ಅಂದ್ರ ಇವರು ದಿನಾ ಆ ಕಪ್ಪು ಕಿಟಕಿ ತಗದು ಅದನ್ನೆಲ್ಲ ಬರೀಬೇಕೇನು? ನನ್ನ ಒಂದು ಅಕ್ಷರದ ಸಲುವಾಗಿ?” ಮತ್ತೆ ಪರದೆಯ ಕಡೆ ತಿರುಗಿ, “ಆ ಸಾಲು ಗೇಟಿನ ವಾಚ್‌ಮನ್‌ಗೆ ಹೇಳೂದು, ಯಾರ ಮನಿಗೆ ಬಂದೀವಿ ಅಂತ. ದೇವರ ಮನಿ ಗೇಟಿನ್ಯಾಗ ಇರತದೇನು? ಒಳಗ ಇರತದ. ಸರಿ, ಸರಿ,” ಎಂದು ನನ್ನನ್ನು ಎಬ್ಬಿಸಿ, ತಾವೇ ಕೂತು, ಶ್ರೀಯನ್ನು ಎತ್ತಿ ಎರಡನೆಯ ಸಾಲಿಗೆ ಇಟ್ಟರು.

ವಾಚ್‌ಮನ್ ಮಾತನ್ನು ಅವರು ಆಗಲೇ ಆಡಿದರೋ, ವಾಪಸು ಬರುವಾಗ ಕಾರಿನಲ್ಲಿ ಆಡಿದರೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅಷ್ಟು ಚೆಂದದ ಮಾತುಗಳು ಬೇಕಾದ ಗಳಿಗೆಗೆ ಸರಿಯಾಗಿ ಬಾಯಿಗೆ ಬರುವುದು ಕಡಿಮೆ. ಅತ್ತೆಯನ್ನೇ ಕೇಳಿದರೆ, “ನಾ ಹಂಗಂದೆನೇನು? ಛಲೋ ಅದ,” ಎನ್ನುತ್ತಾರೆ. ಶ್ರೀಯನ್ನು ಇಳಿಸುವ ಮುಂಚೆ ಅವರ ಬೆರಳು ಕೀಲಿಯ ಮೇಲೆ ತಡೆದದ್ದನ್ನು ಮಾತ್ರ ನಾನು ಕಣ್ಣಾರೆ ಕಂಡೆ.

ಆದರೂ ನಡೆಯಲಿಲ್ಲ. ಈ ಸಲ ಪ್ಲಸ್ ಚಿಹ್ನೆಯೂ ಬರಲಿಲ್ಲ, ಏನೂ ಬರಲಿಲ್ಲ.

ಎಲ್ಲರ ತಲೆಯಲ್ಲೂ ಒಂದೇ ವಿಚಾರ ಬಂದಿತ್ತು ಎಂದು ನನಗೆ ಗೊತ್ತು, ಯಾಕೆಂದರೆ ನನ್ನ ತಲೆಯಲ್ಲೂ ಬಂದಿತ್ತು. ಬಾಯಿಬಿಟ್ಟವರು ನನ್ನ ಗಂಡ. “ಅಮ್ಮಾ, ಶ್ರೀ ಇಳಿಸಿದ್ದಕ್ಕ—”

“ಬಾಯಿ ಮುಚ್ಚು. ದೇವರಿಗೆ ಬ್ಯಾರೆ ಕೆಲಸ ಇಲ್ಲೇನು?” ಅತ್ತೆ ನನ್ನ ಕಡೆ ತಿರುಗಿದರು. “ಏನಂತದ ಅದು? ಓದು.”

ಕಪ್ಪು ಕಿಟಕಿಯಲ್ಲಿ ನಡೆಸಿ ಓದಿದೆ. ಪೈಥಾನ್ ಎಂಬುದೇ ಇಲ್ಲಿಲ್ಲ ಎನ್ನುತ್ತಿತ್ತು. ಇದೆಯೆಂದು ನನಗೆ ಗೊತ್ತಿತ್ತು. ಆ ಹೆಸರಿನ ಹಿಂದೆ ಕಣ್ಣಿಗೆ ಕಾಣದ ಏನೋ ಅಂಟಿಕೊಂಡಿದೆ ಎಂದು ಹೊಳೆಯಲು ತುಸು ಹೊತ್ತು ಬೇಕಾಯಿತು. ವಿಂಡೋಸಿನಲ್ಲಿ ಬರೆದ ಕಡತದಲ್ಲಿ ಪ್ರತಿ ಸಾಲಿನ ಕೊನೆಗೆ ಒಂದು ಹೆಚ್ಚಿನ ಗುರುತು ಇರುತ್ತದೆ. ಲಿನಕ್ಸ್ ಅದನ್ನೂ ಹೆಸರಿನ ಭಾಗವೆಂದೇ ಓದುತ್ತದೆ. ಕಡತವನ್ನು ಲಿನಕ್ಸಿನ ರೀತಿಯಲ್ಲಿ ಮತ್ತೊಮ್ಮೆ ಉಳಿಸಿ, ಮೌಸನ್ನು ಮುಖ್ಯೋಪಾಧ್ಯಾಯಿನಿಗೆ ಕೊಟ್ಟೆ.

ಅವರು ಎರಡು ಸಲ ಒತ್ತಿದರು. ಒಂದು ಕಿಟಕಿ ತೆರೆದುಕೊಂಡು, ಅದರಲ್ಲಿ ಸಾಲುಗಳು ಓಡಿ, ಕೊನೆಗೆ ಅತ್ತೆ ಬರೆದಿಟ್ಟಿದ್ದ ‘ಕಟ್ಟಿ ಆತು’ ಬಂದು ನಿಂತಿತು. ಬಾಗಿಲಲ್ಲಿದ್ದ ಹುಡುಗಿಯರು ಕೇಳದೆಯೇ ಒಳಗೆ ಬಂದರು. ಒಬ್ಬಳು ಕೂತು ಏಳರ ಮಗ್ಗಿಯನ್ನು ಬರೆಯಲು ಹೋಗಿ ಆವರಣ ಮುಚ್ಚುವುದನ್ನು ಮರೆತಳು. ಪರದೆ ಅವಳನ್ನು ಬೈಯಿತು. ಅವಳು ಗಟ್ಟಿಯಾಗಿ ಓದಿದಾಗ ಹೊರಗಿನ ಮರದ ಕೆಳಗೆ ಕೂತಿದ್ದ ಮೇಷ್ಟರೊಬ್ಬರು ಮೊಸರನ್ನದ ಕೈಯಲ್ಲೇ ಎದ್ದು ಬಂದರು. ಹಿಂದೆಯೇ ಉಳಿದವರೂ ಬಂದರು. ಕೂಡಿಸುವುದರ ಬಗ್ಗೆ ತಮಾಷೆ ಮಾಡಿದ್ದವರು ಬೇಕೆಂದೇ ತಪ್ಪು ಬರೆದು ಬರೆದು ಬೈಸಿಕೊಂಡರು.

ಬಸ್ಸಿನ ಹೊತ್ತಾಗಿ ಅವರೆಲ್ಲ ಹೊರಟ ಮೇಲೆ ಮುಖ್ಯೋಪಾಧ್ಯಾಯಿನಿ ಗೋಡೆಯ ಮೇಲಿನ ವೇಳಾಪಟ್ಟಿಯ ಮುಂದೆ ನಿಂತರು. “ಹಂಗಾದ್ರ ಟೀಚರ್, ಶುಕ್ರವಾರ ಕೊನೇ ಪಿರಿಯಡ್ ನಿಮಗ. ಆತಲ್ರೀ?”

ನಾನು ಅತ್ತೆಯ ಮುಖ ನೋಡಿದೆ. ಇಷ್ಟಕ್ಕೆ ಅಲ್ಲವೇ ಬಂದದ್ದು, ಈಗ ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡೆ. ಅತ್ತೆ ಕನ್ನಡಕ ಏರಿಸಿಕೊಂಡು ವೇಳಾಪಟ್ಟಿಯ ಹತ್ತಿರ ಹೋದರು.

“ಕೊನೇದು ಬ್ಯಾಡ. ಕೊನೇ ಪಿರಿಯಡ್‌ನ್ಯಾಗ ಹುಡುಗ್ರು ಕಿಡಕ್ಯಾಗ ಬಸ್ ನೋಡತಿರತಾರ. ಎರಡನೇದು ಕೊಡು.”

“ಎರಡನೇದು ಪಿ.ಟಿ. ಐತ್ರಿ ಟೀಚರ್.”

“ಪಿ.ಟಿ. ಮಾಸ್ತರಿಗೆ ಕೊನೇದು ಕೊಡು. ಹಂಗ ಓಡಿಕೋತ ಹೋಗಿ ಬಸ್ ಹಿಡೀಲಿ ಎಲ್ಲಾರೂ.”

ಮುಖ್ಯೋಪಾಧ್ಯಾಯಿನಿ ಪೆನ್ನು ಹುಡುಕತೊಡಗಿದರು.